ಎಂಬತ್ತೊಂದು ಮತಗಳಿದ್ದ ದೋಣಿ

ಕೊರೊನಾ ಬರುವುದಕ್ಕೆ ಎರಡು ವರ್ಷ ಮೊದಲಿನ ಮಾತು. ಆಗ ನಾನು ಜಪಾನಿನ ಹಮಾಮತ್ಸು ನಗರದಲ್ಲಿ, ಔಟ್‌ಬೋರ್ಡ್ ಎಂಜಿನ್ ತಯಾರಿಸುವ ಒಂದು ಕಂಪನಿಯ ಸರ್ವಿಸ್ ವಿಭಾಗದಲ್ಲಿ ಎಂಜಿನಿಯರ್ ಆಗಿದ್ದೆ. ಔಟ್‌ಬೋರ್ಡ್ ಎಂದರೆ ದೋಣಿಯ ಹಿಂಭಾಗಕ್ಕೆ ಹೊರಗಿನಿಂದ ಕಚ್ಚಿಸುವ ಎಂಜಿನ್. ಮಲ್ಪೆಯಲ್ಲೋ ಕಾರವಾರದಲ್ಲೋ ಸಣ್ಣ ದೋಣಿಗಳಲ್ಲಿ ನೀವು ನೋಡಿರುತ್ತೀರಿ. ನಾನು ಭದ್ರಾವತಿಯವಳು. ಕುಲುಮೆ, ಲೇತ್ ಮೆಷಿನ್ನುಗಳ ಸದ್ದಿನಲ್ಲಿ ಬೆಳೆದವಳು. ಸಮುದ್ರವನ್ನು ಮೊದಲ ಸಲ ನೋಡಿದ್ದೇ ಕಾಲೇಜಿನ ಪ್ರವಾಸದಲ್ಲಿ.

ಪ್ರಪಂಚದ ಬೇರೆ ಬೇರೆ ಬಂದರುಗಳಿಂದ ವಾರಂಟಿ ಕೇಳಿಕೊಂಡು ಬರುವ ಕೆಟ್ಟ ಭಾಗಗಳನ್ನು ಬಿಚ್ಚಿ ನೋಡಿ, ಅವು ಏಕೆ ಕೆಟ್ಟವು ಎಂದು ವರದಿ ಬರೆಯುವುದು ನನ್ನ ಕೆಲಸ. ಫೇಲ್ಯೂರ್ ಅನಾಲಿಸಿಸ್ ಎನ್ನುತ್ತಾರೆ. ವರದಿಯ ಫಾರ್ಮಿನಲ್ಲಿ ‘ಕಾರಣ’ ಎಂಬ ಒಂದು ಕಾಲಂ ಇತ್ತು. ಅದರಲ್ಲಿ ನಾಲ್ಕೇ ಆಯ್ಕೆ: ತಯಾರಿಕೆಯ ದೋಷ, ಸಾಗಣೆಯಲ್ಲಿ ಹಾನಿ, ಬಳಕೆದಾರರ ಅಜಾಗರೂಕತೆ, ಇತರೆ. ‘ಇತರೆ’ ಆರಿಸಿದರೆ ಅರ್ಧ ಪುಟ ವಿವರಣೆ ಬರೆಯಬೇಕು. ಹಾಗಾಗಿ ಯಾರೂ ಅದನ್ನು ಆರಿಸುತ್ತಿರಲಿಲ್ಲ. ನಾನೂ ಆರಿಸುತ್ತಿರಲಿಲ್ಲ.

ಆ ವರ್ಷ ಆಗಸ್ಟಿನಲ್ಲಿ ಪೆಸಿಫಿಕ್ ದ್ವೀಪಗಳಿಂದ ಆರು ಮಂದಿ ಮೆಕ್ಯಾನಿಕ್‌ಗಳು ಆರು ವಾರದ ತರಬೇತಿಗೆ ಬಂದರು. ಕಾರ್ಬ್ಯುರೇಟರ್ ಮತ್ತು ಇಂಧನದ ಪಾಠ ನನ್ನ ಪಾಲಿಗೆ ಬಂತು. ಕಾರ್ಬ್ಯುರೇಟರ್ ಎಂದರೆ ಪೆಟ್ರೋಲನ್ನೂ ಗಾಳಿಯನ್ನೂ ಹದವಾಗಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ. ಆರು ಜನರಲ್ಲಿ ಎಲ್ಲರಿಗಿಂತ ಹಿರಿಯರು ಇಯೋತೆಬಾ ಎಂಬವರು. ಐವತ್ತರ ಆಸುಪಾಸು, ಅಗಲ ಅಂಗೈ, ಮೆಲುದನಿ. ಒಂದು ವಾಕ್ಯ ಮುಗಿಸಿ ಇನ್ನೊಂದನ್ನು ಶುರುಮಾಡುವ ಮೊದಲು, ಆ ಮೊದಲನೆಯದು ನಮ್ಮನ್ನು ತಲುಪಿತೇ ಎಂದು ಕಾಯುತ್ತಿದ್ದರು. ತಮ್ಮ ದೇಶದ ಹೆಸರನ್ನು ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಬರೆದರು. ನಾನು ‘ಕಿರಿಬಾಟಿ’ ಎಂದು ಓದಿದೆ. ಅವರು ನಗುತ್ತಾ ‘ಕಿರಿಬಾಸ್’ ಎಂದು ತಿದ್ದಿದರು. ಅವರ ಭಾಷೆಯ ಅಕ್ಷರಮಾಲೆಯಲ್ಲಿ ‘ಎಸ್’ ಇಲ್ಲವಂತೆ. ಟಿ, ಐ ಎರಡನ್ನೂ ಜೊತೆಗಿಟ್ಟರೆ ‘ಸ’ಕಾರದ ಸದ್ದು ಬರುತ್ತದಂತೆ.

ನಾಲ್ಕನೆಯ ದಿನ ಊಟದ ವಿರಾಮದಲ್ಲಿ ಅವರು ಪ್ಲಾಸ್ಟಿಕ್ ಹೊದಿಕೆಯೊಳಗಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ನನ್ನ ಮುಂದಿಟ್ಟರು. ನಮ್ಮ ಕಂಪನಿಯ ವರದಿ. ಮಡಿಕೆಗಳಲ್ಲಿ ಕಾಗದ ಬಟ್ಟೆಯ ಹಾಗೆ ಮೆತ್ತಗಾಗಿತ್ತು. ಕಾರಣದ ಕಾಲಮಿನಲ್ಲಿ ಮೂರನೆಯ ಆಯ್ಕೆ: ಬಳಕೆದಾರರ ಅಜಾಗರೂಕತೆ. ಕೆಳಗೆ ಜಪಾನಿನಲ್ಲಿ ಸಹಿಯ ಬದಲು ಒತ್ತುವ ಮೂರು ಮುದ್ರೆಗಳು, ಎಡಗಡೆ ಇಂಗ್ಲಿಷಿನಲ್ಲಿ ತಯಾರಿಸಿದವರ ಹೆಸರು: ಎಚ್. ಬಿ. ಶೈಲಜಾ.

“ಇದನ್ನು ಬರೆದವರು ಈ ಕಟ್ಟಡದಲ್ಲೇ ಇದ್ದಾರೆಯೇ, ಶೈಲಾ ಸಾನ್? ಅವರನ್ನು ಒಂದು ಸಲ ನೋಡಬೇಕಿತ್ತು.”

ತರಬೇತಿಯ ಕೋಣೆಯಲ್ಲಿ ಎಲ್ಲರಿಗೂ ನಾನು ಬರೀ ಶೈಲಾ ಸಾನ್, ನಮ್ಮ ‘ಶೈಲಾ ಅವರೇ’ ಎಂಬ ಹಾಗೆ. ಎರಡು ಹೆಸರೂ ಒಬ್ಬಳದೇ ಎಂದು ಅವರಿಗೆ ಹೊಳೆದಿರಲಿಲ್ಲ. ವಿಚಾರಿಸಿ ಹೇಳುತ್ತೇನೆ ಎಂದುಬಿಟ್ಟೆ. ನನ್ನ ವೃತ್ತಿಯಲ್ಲಿ ನಾನು ಆಡಿದ ಅತ್ಯಂತ ಸಣ್ಣ ಸುಳ್ಳು ಅದು. ಅಷ್ಟು ಭಾರವಾದದ್ದು ಇನ್ನೊಂದಿಲ್ಲ. ಸಂಜೆ ಹಳೆಯ ಕಡತ ತೆರೆದು ನೋಡಿದೆ. ಹಿಂದಿನ ವರ್ಷದ ವರದಿ. ಒಂದು ಕಾರ್ಬ್ಯುರೇಟರ್, ಒಂದು ಇಂಧನ ಫಿಲ್ಟರ್, ಎರಡು ಫೋಟೊ ಬಂದಿದ್ದವು. ಒಳಗೆ ತುಕ್ಕು, ನೀರಿನ ಕಲೆ. ಪೆಟ್ರೋಲಿಗೆ ನೀರು ಸೇರಿದೆ ಎಂಬುದರಲ್ಲಿ ಅನುಮಾನವಿರಲಿಲ್ಲ. ನೀರು ಹೇಗೆ ಸೇರಿತು ಎಂದು ನಾನು ಕೇಳಿರಲಿಲ್ಲ. ಆ ದಿನ ನಾನು ಮುಗಿಸಿದ ಮೂರನೆಯ ವರದಿ ಅದು.

ಭಾನುವಾರ ಇಯೋತೆಬಾ ಅವರನ್ನು ಊಟಕ್ಕೆ ಕರೆದೆ. ನನ್ನ ಗಂಡ ಕೆಲಸದ ಮೇಲೆ ನಗೋಯಾಕ್ಕೆ ಹೋಗಿದ್ದರು. ಮನೆಯಲ್ಲಿ ನಾನು ಮತ್ತು ಎಂಟು ವರ್ಷದ ಮಗಳು ಇಂಚರ. ತೆಂಗಿನಕಾಯಿ ಅರೆದ ಹುಳಿ ಮಾಡಿದ್ದೆ. ಅವರು ಒಂದು ತುತ್ತು ಬಾಯಿಗಿಟ್ಟವರೇ ಕಾಯಿ ಎಲ್ಲಿಯದು ಎಂದು ವಿಚಾರಿಸಿದರು. ಇಂಡಿಯನ್ ಅಂಗಡಿಯಲ್ಲಿ ತುರಿದು ಹೆಪ್ಪುಗಟ್ಟಿಸಿ ಮಾರುವ ಪ್ಯಾಕೆಟ್ ತಂದು ತೋರಿಸಿದೆ. ಅವರು ಅದನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದರು, ದೂರದಲ್ಲಿ ನೆಲೆಸಿದ ನೆಂಟನೊಬ್ಬನ ಫೋಟೊ ನೋಡುವ ಹಾಗೆ.

ಊಟವಾದ ಮೇಲೆ ಇಂಚರ ತನ್ನ ಶಾಲೆಯ ಅಟ್ಲಾಸ್ ತಂದಳು. ನಾನು ಓದಿದ ಶಾಲೆಯ ಗೋಡೆಯ ಭೂಪಟದಲ್ಲಿ ಪೆಸಿಫಿಕ್ ಸಾಗರ ಎರಡು ತುಂಡಾಗಿ ಎಡ ಅಂಚಿಗೊಂದು, ಬಲ ಅಂಚಿಗೊಂದು ಹೋಗಿತ್ತು. ಜಪಾನಿನ ಭೂಪಟದಲ್ಲಿ ಆ ಸಾಗರವೇ ನಟ್ಟನಡುವೆ. ಇಯೋತೆಬಾ ಹೆಬ್ಬೆರಳನ್ನು ಒಂದು ಚುಕ್ಕೆಯ ಮೇಲಿಟ್ಟು ಕಿರುಬೆರಳನ್ನು ಬಲಕ್ಕೆ ಚಾಚಿದರು. ಆ ದೊಡ್ಡ ಅಂಗೈಗೂ ಅವರ ದೇಶ ಪೂರ್ತಿ ಸಿಗಲಿಲ್ಲ. ಮೂವತ್ತಮೂರು ದ್ವೀಪಗಳು, ಮೂರು ಗುಂಪು. ಎಲ್ಲ ಸೇರಿಸಿದರೆ ನೆಲ ನಮ್ಮ ಬೆಂಗಳೂರು ನಗರಕ್ಕಿಂತ ಸ್ವಲ್ಪ ಹೆಚ್ಚು. ಅವರ ಪಾಲಿನ ಸಮುದ್ರ ಮಾತ್ರ ಇಡೀ ಭಾರತಕ್ಕಿಂತ ದೊಡ್ಡದು. ಹೆಚ್ಚಿನ ದ್ವೀಪಗಳು ಹವಳದ ತೆಳು ಉಂಗುರಗಳು. ಉಂಗುರದ ಹೊರಗೆ ಅಪ್ಪಳಿಸುವ ಕಡಲು, ಒಳಗೆ ಲಗೂನ್ ಎನ್ನುವ ತಿಳಿಹಸಿರು ಶಾಂತ ನೀರು. ಜನ ವಾಸಿಸುವುದು ಆ ಉಂಗುರದ ಮೇಲೆ. ನೆಲ ಎರಡು ಮೂರು ಮೀಟರಿಗಿಂತ ಎತ್ತರ ಏಳುವುದೇ ಅಪರೂಪ. ತಮ್ಮೂರಿನಲ್ಲಿ ಬೆಟ್ಟ ನೋಡಬೇಕಾದರೆ ಮೋಡವನ್ನು ನೋಡುತ್ತೇವೆ ಎಂದು ಅವರು ಮಗಳಿಗೆ ಹೇಳಿದರು.

ಅಟ್ಲಾಸಿನಲ್ಲಿ ದಿನಾಂಕ ರೇಖೆ ನೇರವಾಗಿ ಬಂದು, ಅವರ ದೇಶದ ಹತ್ತಿರ ಪೂರ್ವಕ್ಕೆ ಉಬ್ಬಿ ಸುತ್ತುಹಾಕಿತ್ತು. ಅದು ಯಾಕೆ ಹೀಗೆ ಬಾಗಿದೆ ಎಂದು ಇಂಚರ ಜಪಾನಿಯಲ್ಲಿ ಕೇಳಿದಳು. ನಾನು ಅನುವಾದಿಸಿದೆ. ಮೊದಲು ರೇಖೆ ದೇಶದ ಮಧ್ಯದಲ್ಲೇ ಹಾದುಹೋಗುತ್ತಿತ್ತಂತೆ. ಪಶ್ಚಿಮದ ದ್ವೀಪದಲ್ಲಿ ಸೋಮವಾರ, ಪೂರ್ವದ ದ್ವೀಪದಲ್ಲಿ ಇನ್ನೂ ಭಾನುವಾರ. ಎರಡೂ ಕಡೆ ಸರ್ಕಾರಿ ಕಚೇರಿ ಒಟ್ಟಿಗೆ ತೆರೆದಿರುತ್ತಿದ್ದದ್ದು ವಾರಕ್ಕೆ ನಾಲ್ಕೇ ದಿನ. ಕೊನೆಗೆ ಸರ್ಕಾರ ರೇಖೆಯನ್ನೇ ಸರಿಸಿ, ಇಡೀ ದೇಶಕ್ಕೆ ಒಂದೇ ದಿನವನ್ನು ಕೊಟ್ಟಿತು. ಇದನ್ನು ಕೇಳುತ್ತಾ ಇಂಚರ ಅಟ್ಲಾಸಿನ ಮೇಲೆ ತಲೆಯಿಟ್ಟು ನಿದ್ದೆಹೋದಳು. ಕಿಟಕಿಯಾಚೆ ಸಿಕಾಡಾ ಹುಳುಗಳ ಗುಂಗು. ಇಯೋತೆಬಾ ಇನ್ನಷ್ಟು ಮೆಲ್ಲಗೆ, ತಮ್ಮ ಊರಿನ ಮನೆಯಾಬಾದ ವಿಷಯ ತೆಗೆದರು.

ಮನೆಯಾಬಾ ಎಂದರೆ ಊರಿನ ಸಭಾಮಂಟಪ. ತೆಂಗಿನ ಕಂಬ, ಗರಿಯ ದೊಡ್ಡ ಮಾಡು, ಗೋಡೆಗಳಿಲ್ಲ. ಒಳಗೆ ಪ್ರತಿ ಮನೆತನಕ್ಕೂ ತಲೆತಲಾಂತರದಿಂದ ಬಂದ ಒಂದು ಜಾಗವಿರುತ್ತದೆ. ಅಲ್ಲೇ ಕೂರಬೇಕು, ಬೇರೆಯವರ ಜಾಗದಲ್ಲಿ ಕೂರುವಂತಿಲ್ಲ. ದೇಶದ ಸಂಸತ್ತಿಗೂ ಅವರು ಮನೆಯಾಬಾ ಎಂದೇ ಹೆಸರಿಟ್ಟಿದ್ದಾರೆ. ಜನ ಸಂಸತ್ತಿನ ಸದಸ್ಯರನ್ನು ಆರಿಸುತ್ತಾರೆ, ಆ ಸದಸ್ಯರು ತಮ್ಮೊಳಗಿನಿಂದ ಮೂರು ನಾಲ್ಕು ಮಂದಿಯ ಹೆಸರು ಮುಂದಿಡುತ್ತಾರೆ, ಅವರಲ್ಲಿ ಅಧ್ಯಕ್ಷರು ಯಾರಾಗಬೇಕೆಂದು ಮತ್ತೆ ಇಡೀ ದೇಶ ಮತ ಹಾಕುತ್ತದೆ. ಪ್ರತಿ ದ್ವೀಪಕ್ಕೂ ನಮ್ಮ ಪಂಚಾಯಿತಿಯಂಥ ಒಂದು ಕೌನ್ಸಿಲ್ ಇದೆ, ಅದಕ್ಕೂ ಚುನಾವಣೆ. ತಮ್ಮ ಕಥೆ ಶುರುವಾದದ್ದು ಅಂಥ ಒಂದು ಚುನಾವಣೆಯ ದಿನ ಎಂದರು ಅವರು.

ಕೌನ್ಸಿಲ್ ದೋಣಿಯ ಮೆಕ್ಯಾನಿಕ್ ಅವರೇ. ಮುಖ್ಯ ದ್ವೀಪದಿಂದ ಎರಡು ಗಂಟೆ ದೂರದ ಪುಟ್ಟ ದ್ವೀಪವೊಂದಕ್ಕೆ ಹೋಗಿ ಮತಪೆಟ್ಟಿಗೆ ತರಬೇಕಿತ್ತು. ಮತಗಟ್ಟೆಯ ಅಧಿಕಾರಿ ಅವರ ಸೋದರಮಾವ, ನಿವೃತ್ತ ಶಾಲಾ ಮೇಷ್ಟ್ರು. ಪೆಟ್ಟಿಗೆಯಲ್ಲಿ ಎಂಬತ್ತೊಂದು ಮತ. ವಾಪಸು ಬರುವಾಗ ನಡುಮಧ್ಯಾಹ್ನ, ಕಡಲು ಎಣ್ಣೆಯ ಹಾಗೆ ನಯವಾಗಿದ್ದಾಗ, ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಇಯೋತೆಬಾ ಕಾರ್ಬ್ಯುರೇಟರಿನ ಬಟ್ಟಲು ಬಿಚ್ಚಿ, ತಳದಲ್ಲಿದ್ದ ನೀರು ಚೆಲ್ಲಿ, ಹಗ್ಗ ಎಳೆದು ಶುರುಮಾಡಿದರು. ಮತ್ತೆ ನಿಂತಿತು. ಮತ್ತೆ ಬಿಚ್ಚಿದರು. ಟ್ಯಾಂಕಿನ ತಳದಲ್ಲೆಲ್ಲ ನೀರೇ ಇತ್ತು. ಅಂಗೈ ಸುಲಿಯುವವರೆಗೆ ಹಗ್ಗ ಎಳೆದರು. ಅಷ್ಟರಲ್ಲಿ ಪ್ರವಾಹ ದೋಣಿಯನ್ನು ಪಶ್ಚಿಮಕ್ಕೆ ಎಳೆದುಕೊಂಡು ಹೊರಟಿತ್ತು.

ಹತ್ತೊಂಬತ್ತು ದಿನ ಅವರು ತೇಲಿದರು. ಅದನ್ನು ಅವರು ಹೇಳಿದ ರೀತಿಯಲ್ಲಿ ಭಯವಿರಲಿಲ್ಲ. ಕನಸೊಂದನ್ನು ಮರೆಯುವ ಮೊದಲು ಹೇಳಿಬಿಡಬೇಕೆಂಬ ಎಚ್ಚರವಿತ್ತು. ಮೊದಲೆರಡು ದಿನ ಅವರಿಗೆ ತಮ್ಮ ದ್ವೀಪ ಕಾಣದಿದ್ದರೂ ಎಲ್ಲಿದೆಯೆಂದು ಗೊತ್ತಾಗುತ್ತಿತ್ತು. ಲಗೂನಿನ ಹಸಿರು ಮೇಲಿನ ಮೋಡದ ಹೊಟ್ಟೆಗೆ ಬಡಿದು, ಮೋಡದ ಅಡಿ ತೆಳು ಹಸಿರಾಗುತ್ತದೆ. ಆ ಹಸಿರು ಮೋಡ ಹೊತ್ತು ಹೋದಂತೆ ಚಿಕ್ಕದಾಗುತ್ತಾ ಹೋಯಿತು. ಮೂರನೆಯ ದಿನ ಎಲ್ಲ ಮೋಡಗಳೂ ಬೆಳ್ಳಗಿದ್ದವು. ಕೈಗಾಳದಲ್ಲಿ ಸಿಕ್ಕ ಮೀನನ್ನು ಹಸಿಯಾಗಿ ತಿಂದರು. ಒಯ್ದಿದ್ದ ನೀರು ಐದನೆಯ ದಿನ ಮುಗಿಯಿತು. ಏಳನೆಯ ದಿನ ಮಳೆ ಬಂತು.

ಮಳೆನೀರು ಹಿಡಿಯಲು ದೋಣಿಯಲ್ಲಿದ್ದ ಒಳ್ಳೆಯ ಪಾತ್ರೆ ಒಂದೇ: ಮತಪೆಟ್ಟಿಗೆ. ಅದರ ಸೀಲು ಒಡೆಯಲು ಮಾವ ಒಪ್ಪಲಿಲ್ಲ. ಮಳೆ ಸುರಿಯುತ್ತಲೇ ಇತ್ತು, ಇಬ್ಬರೂ ಬಾಯಿ ತೆರೆದು ಕುಳಿತಿದ್ದರು. ಕಡೆಗೆ ಮಾವನೇ ಸೀಲು ಒಡೆದು, ಎಂಬತ್ತೊಂದು ಚೀಟಿಗಳನ್ನು ಒಂದನ್ನೂ ಬಿಡಿಸಿ ನೋಡದೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ತಮ್ಮ ಅಂಗಿಯೊಳಗೆ ಹೊಟ್ಟೆಗೆ ಕಟ್ಟಿಕೊಂಡು, ಪೆಟ್ಟಿಗೆಯನ್ನು ಮಳೆಗೆ ಹಿಡಿದರು. ಹತ್ತೊಂಬತ್ತನೆಯ ದಿನ ಟ್ಯೂನಾ ಹಿಡಿಯುವ ಹಡಗೊಂದು ಅವರನ್ನು ದೋಣಿಸಮೇತ ಎತ್ತಿಕೊಂಡಾಗಲೂ ಚೀಟಿಗಳು ಅಲ್ಲೇ ಇದ್ದವು. ಸೀಲು ಒಡೆದ ಮತಗಳನ್ನು ಎಣಿಸುವಂತಿರಲಿಲ್ಲ. ಆ ಪುಟ್ಟ ದ್ವೀಪದವರು ಮತ್ತೊಮ್ಮೆ ಮತ ಹಾಕಿದರು.

ಕೌನ್ಸಿಲ್ ವಾರಂಟಿಗಾಗಿ ಎಂಜಿನ್ನಿನ ಭಾಗಗಳನ್ನು ಕಳಿಸಿತು, ಕೆಲವು ತಿಂಗಳ ಮೇಲೆ ಜಪಾನಿನಿಂದ ವರದಿ ಬಂತು. ಮನೆಯಾಬಾದಲ್ಲಿ ಗುಮಾಸ್ತರು ಅದನ್ನು ಗಟ್ಟಿಯಾಗಿ ಓದಿದರು. ಇಯೋತೆಬಾ ತಮ್ಮ ಮನೆತನದ ಜಾಗದಲ್ಲಿ ತಲೆ ತಗ್ಗಿಸಿ ಕೂತಿದ್ದರು. ಯಾರೂ ಬೈಯಲಿಲ್ಲ. ದೋಣಿಯ ಕೆಲಸವನ್ನು ಸದ್ದಿಲ್ಲದೆ ಬೇರೊಬ್ಬರಿಗೆ ಕೊಟ್ಟರು. ಮಾವ ಅಂದಿನಿಂದ ಅವರೊಡನೆ ಮಾತು ಬಿಟ್ಟರು. ಈ ತರಬೇತಿಗೆ ಹೆಸರು ಕೇಳಿದಾಗ, ಅದು ನಡೆಯುವುದು ಯಾವ ಊರಿನಲ್ಲಿ ಎಂದು ತಿಳಿದೇ ತಾವಾಗಿ ಅರ್ಜಿ ಹಾಕಿದ್ದಾಗಿ ಅವರು ಹೇಳಿದರು. ವರದಿ ಬಂದ ಊರಿನ ಹೆಸರು ಕಾಗದದ ತಲೆಯಲ್ಲೇ ಅಚ್ಚಾಗಿತ್ತಲ್ಲ.

ಸಂಜೆ ಅವರನ್ನು ಬಸ್ಸಿಗೆ ಬಿಡಲು ಹಮಾನಾ ಸರೋವರದ ದಂಡೆಯಲ್ಲಿ ನಡೆದು ಹೋದೆವು. ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತು ನಾನು ಅವರಿಗೆ ಹೇಳಿದೆ, ಆ ವರದಿ ಬರೆದವಳು ನಾನೇ ಎಂದು. ನಾಲ್ಕು ದಿನದಿಂದ ಸುಮ್ಮನಿದ್ದದ್ದನ್ನೂ ಹೇಳಿದೆ. ಅವರು ನೀರನ್ನು ನೋಡುತ್ತಾ ಕೂತರು. ಒಂದು ಬಸ್ಸು ಬಂದು ಹೋಯಿತು.

“ಹಾಗಾದರೆ ಕೆಲಸ ಸುಲಭವಾಯಿತು,” ಎಂದರು ಕೊನೆಗೆ. “ಬರೆದವರೇ ಇಲ್ಲಿದ್ದೀರಿ. ನೀರು ಎಲ್ಲಿಂದ ಬಂತು ಎಂದು ಇಬ್ಬರೂ ಸೇರಿ ಹುಡುಕೋಣ.”

ಮರುದಿನ ಕಾಗದ, ಪೆನ್ಸಿಲ್ ಹಿಡಿದು ಕುಳಿತೆವು. ಅವರ ದ್ವೀಪಕ್ಕೆ ಪೆಟ್ರೋಲ್ ಬರುವುದು ಇನ್ನೂರು ಲೀಟರಿನ ಕಬ್ಬಿಣದ ಡ್ರಮ್ಮುಗಳಲ್ಲಿ, ಹಡಗು ಬಂದಾಗ. ಡ್ರಮ್ಮುಗಳನ್ನು ಕೌನ್ಸಿಲ್ ಕಚೇರಿಯ ಹಿಂದೆ ಬಯಲಿನಲ್ಲಿ ನಿಲ್ಲಿಸಿಡುತ್ತಾರೆ. ಬಿರಡೆಯನ್ನು ಸ್ಪ್ಯಾನರಿನಿಂದ ಬಿಗಿಮಾಡುತ್ತಾರೆ. ಮಳೆ ಬೀಳುವಾಗ ಯಾರೂ ತೆರೆಯುವುದಿಲ್ಲ. ಎಲ್ಲವೂ ಸರಿಯಿತ್ತು. ಮಳೆ ಯಾವ ಹೊತ್ತಿಗೆ ಬರುತ್ತದೆ ಎಂದು ಸುಮ್ಮನೆ ಕೇಳಿದೆ. ಹೆಚ್ಚಾಗಿ ಮಧ್ಯಾಹ್ನ, ಬಿಸಿಲು ಸುಡುತ್ತಿರುವಾಗಲೇ ಒಂದು ಸುರಿ ಸುರಿದು ನಿಲ್ಲುತ್ತದೆ ಎಂದರು. ಡ್ರಮ್ಮಿನ ತಲೆಯ ಸುತ್ತ ಒಂದು ಅಂಚು ಇರುತ್ತದಲ್ಲ, ಮಳೆನೀರು ಅದರೊಳಗೆ ತಟ್ಟೆಯಲ್ಲಿ ನಿಂತ ಹಾಗೆ ನಿಲ್ಲುತ್ತದೆ. ಬಿರಡೆ ಇರುವುದೂ ಅಲ್ಲೇ.

ಆಗ ನನಗೆ ಹೊಳೆಯಿತು. ಬಿಸಿಲಿಗೆ ಡ್ರಮ್ಮಿನೊಳಗಿನ ಗಾಳಿ ಹಿಗ್ಗಿ, ಬಿರಡೆಯ ಸಂದಿನಿಂದ ಸ್ವಲ್ಪ ಹೊರಹೋಗುತ್ತದೆ. ಮೇಲೆ ತಣ್ಣನೆಯ ಮಳೆ ಬಿದ್ದಾಗ ಒಳಗಿನ ಗಾಳಿ ಕುಗ್ಗುತ್ತದೆ, ಡ್ರಮ್ಮು ಉಸಿರು ಎಳೆದುಕೊಳ್ಳುತ್ತದೆ. ಬಿರಡೆಯ ಮೇಲೆ ನೀರು ನಿಂತಿದ್ದರೆ, ಅದು ಎಳೆದುಕೊಳ್ಳುವುದು ನೀರನ್ನೇ.

ನಮ್ಮ ವಿಭಾಗದ ಮುಖ್ಯಸ್ಥರು ಮೊರಿತಾ ಸಾನ್. ನಿವೃತ್ತಿಗೆ ಒಂದು ವರ್ಷ ಬಾಕಿಯಿತ್ತು. ವರದಿಯ ಮೇಲಿನ ಎರಡನೆಯ ಮುದ್ರೆ ಅವರದು. ಪರೀಕ್ಷೆ ಮಾಡಿ ನೋಡಲು ಅವರು ಒಪ್ಪಿದರು, ವರದಿ ತಿದ್ದಲು ಒಪ್ಪಲಿಲ್ಲ. ಅವರ ವಾದ ಸರಿಯಾಗಿಯೇ ಇತ್ತು: ಎಂಜಿನ್ನಿನಲ್ಲಿ ದೋಷವಿರಲಿಲ್ಲ, ಇಂಧನದಲ್ಲಿ ನೀರಿತ್ತು, ತೀರ್ಮಾನ ತಪ್ಪಲ್ಲ.

“ತೀರ್ಮಾನ ತಪ್ಪಲ್ಲ, ಮೊರಿತಾ ಸಾನ್,” ಎಂದೆ. “ಒಂದು ಪದ ತಪ್ಪು.”

ತರಗತಿ ಮುಗಿದ ಮೇಲೆ ಹಿತ್ತಲಿನ ಅಂಗಳದಲ್ಲಿ ಎರಡು ಒಣ ಖಾಲಿ ಡ್ರಮ್ಮು ಇಟ್ಟೆವು. ಪೆಟ್ರೋಲ್ ತುಂಬುವುದು ಅಪಾಯ. ಉಸಿರಾಡಲು ಗಾಳಿಯೇ ಸಾಕಿತ್ತು. ಒಂದನ್ನು ನಿಲ್ಲಿಸಿ, ಇನ್ನೊಂದನ್ನು ಅದರ ಎರಡು ಬಿರಡೆಗಳು ಗಡಿಯಾರದ ಮೂರು ಮತ್ತು ಒಂಬತ್ತರ ಜಾಗಕ್ಕೆ ಬರುವ ಹಾಗೆ ಮಲಗಿಸಿದೆವು. ಬಿಸಿಲಲ್ಲಿ ಕಾದ ಮೇಲೆ ಪೈಪಿನಿಂದ ನೀರು ಬಿಟ್ಟೆವು. ಮೂರು ದಿನ ಏನೂ ಆಗಲಿಲ್ಲ. ನಿಂತ ಡ್ರಮ್ಮೂ ಒಳಗೆ ಒಣಗಿಯೇ ಇತ್ತು. ನನ್ನ ಮುಖ ಸಣ್ಣದಾಯಿತು. ಇಯೋತೆಬಾ ಬಿರಡೆ ಬಿಚ್ಚಿ ಅದರ ರಬ್ಬರ್ ವಾಷರನ್ನು ಬೆರಳಲ್ಲಿ ಮಡಿಸಿ ನೋಡಿದರು. ಹೊಸದು, ಮೆತ್ತಗಿತ್ತು. ತಮ್ಮ ಊರಿಗೆ ಬರುವ ಡ್ರಮ್ಮು ಎಷ್ಟೋ ಸಲ ಸಮುದ್ರ ದಾಟಿರುತ್ತದೆ, ಅದರ ವಾಷರ್ ಒಣಗಿದ ಎಲೆಯ ಹಾಗಿರುತ್ತದೆ ಎಂದರು. ಗುಜರಿಯ ಮೂಲೆಯಿಂದ ಹಳೆಯ ಎರಡು ಡ್ರಮ್ಮು ತಂದೆವು.

ಅದು ಸೆಪ್ಟೆಂಬರಿನ ಮೊದಲ ವಾರ, ಶೆಖೆ ಗಟ್ಟಿಯಾಗಿ ನಿಂತ ಮಧ್ಯಾಹ್ನ. ಪೈಪು ನಿಲ್ಲಿಸಿದ ಮೇಲೆ ಇಯೋತೆಬಾ ತುಟಿಗೆ ಬೆರಳಿಟ್ಟು ನಮ್ಮನ್ನು ಹತ್ತಿರ ಕರೆದರು. ನಿಂತ ಡ್ರಮ್ಮಿನ ತಲೆಯ ಮೇಲೆ ಒಂದು ಬೆರಳು ನೀರು. ಅದರಲ್ಲಿ ಆಕಾಶ, ಆಕಾಶದಲ್ಲಿ ಒಂದು ಮೋಡ. ಬಿರಡೆಯ ಅಂಚಿನಲ್ಲಿ ಮೋಡ ಸಣ್ಣಗೆ ನಡುಗಿ, ಒಂದು ಕೂದಲೆಳೆಯಷ್ಟು ಸುಳಿ ತಿರುಗಿತು. ಬಗ್ಗಿ ಕಿವಿಗೊಟ್ಟರೆ, ಮಲಗಿದ ಮಗುವಿನ ಹಾಗೆ ಡ್ರಮ್ಮು ಉಸಿರೆಳೆಯುವುದು ಕೇಳುತ್ತಿತ್ತು. ಮೊರಿತಾ ಸಾನ್ ಕನ್ನಡಕ ತೆಗೆದು, ಬಿಸಿ ತಗಡಿಗೆ ಕಿವಿಯಿಟ್ಟು ಹಾಗೇ ನಿಂತರು. ಎಷ್ಟು ಹೊತ್ತೋ.

ಒಂಬತ್ತು ದಿನದ ಮೇಲೆ ಎಲ್ಲರೆದುರು ಬಿರಡೆ ತೆಗೆದೆವು. ನಿಂತ ಡ್ರಮ್ಮಿನಲ್ಲಿ ಮುನ್ನೂರ ಇಪ್ಪತ್ತು ಮಿಲಿಲೀಟರ್ ನೀರು. ಮಲಗಿದ್ದ ಡ್ರಮ್ಮು ಒಣಗಿತ್ತು. ಒಂದು ಕಾರ್ಬ್ಯುರೇಟರನ್ನು ನಿಲ್ಲಿಸಲು ಕೆಲವು ಚಮಚ ನೀರು ಸಾಕು.

ಗುಣಮಟ್ಟದ ವಿಭಾಗದವರಿಗೆ ಮುಚ್ಚಿದ ವರದಿಯನ್ನು ತೆರೆಯುವುದು ಇಷ್ಟವಿರಲಿಲ್ಲ. ಒಂದನ್ನು ತೆರೆದರೆ ಹತ್ತು ತೆರೆಯಬೇಕಾಗುತ್ತದೆ ಎಂದರು. ಬೇಕಾದರೆ ‘ತಿದ್ದುಪಡಿ’ ಎಂದು ಒಂದು ಸಾಲು ಸೇರಿಸಿ, ಯಾರ ತಪ್ಪು ಎಂಬ ಮಾತು ಬೇಡ ಎಂದರು. ಸಭೆಯಲ್ಲಿ ಮೊರಿತಾ ಸಾನ್ ಜೇಬಿನಿಂದ ತಮ್ಮ ಮುದ್ರೆಯ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು.

“ಮೊದಲನೆಯದರ ಮೇಲೆ ನನ್ನ ಮುದ್ರೆ ಇದೆ. ಎರಡನೆಯದರ ಮೇಲೂ ಇರಲಿ. ಇಲ್ಲದಿದ್ದರೆ ನಾನು ನಿವೃತ್ತನಾಗಿ ಮನೆಯಲ್ಲಿ ಕೂತು ಆ ಸದ್ದನ್ನೇ ಕೇಳುತ್ತಿರಬೇಕಾಗುತ್ತದೆ.”

ಆ ರಾತ್ರಿಯಲ್ಲ, ಮರುದಿನ ಬೆಳಿಗ್ಗೆ ತಿಳಿಮನಸ್ಸಿನಲ್ಲಿ ಕೂತು ‘ಇತರೆ’ ಆರಿಸಿ ಬರೆದೆ. ಎಂಜಿನ್ ನಿಂತದ್ದು ಇಂಧನದಲ್ಲಿದ್ದ ನೀರಿನಿಂದ. ಆ ನೀರು ಬಿಗಿಯಾಗಿ ಮುಚ್ಚಿದ ಬಿರಡೆಯ ಸಂದಿನಿಂದ ಒಳಹೋಗಿದ್ದಿರಬೇಕು. ಪರೀಕ್ಷೆಯಲ್ಲಿ ಹಾಗೆ ಕಂಡಿದೆ. ಬಯಲಲ್ಲಿ ನಿಂತ ಡ್ರಮ್ಮು ಹೀಗೆ ನೀರೆಳೆಯುತ್ತದೆಂದು ನಮ್ಮ ಕೈಪಿಡಿಯಲ್ಲೂ ಬರೆದಿರಲಿಲ್ಲ. ಮೆಕ್ಯಾನಿಕ್ ಮಾಡಬೇಕಾದದ್ದನ್ನೆಲ್ಲ ಮಾಡಿದ್ದರು. ಅಜಾಗರೂಕತೆ ಎಂದು ಬರೆದದ್ದು ನನ್ನ ತಪ್ಪು. ನಾನು ಆ ಡ್ರಮ್ಮನ್ನು ನೋಡಿರಲಿಲ್ಲ. ಇದನ್ನು ನಿಮ್ಮ ಭಾಷೆಗೆ ನೀವೇ ಅನುವಾದಿಸಿಕೊಳ್ಳುತ್ತೀರಾ ಎಂದು ಇಯೋತೆಬಾ ಅವರನ್ನು ಕೇಳಿದೆ. ತನ್ನ ಬಗ್ಗೆ ತಾನೇ ಬರೆದುಕೊಂಡ ಹಾಗಾಗುತ್ತದೆ, ಕೌನ್ಸಿಲಿನ ಗುಮಾಸ್ತರು ಮಾಡಲಿ ಎಂದರು. ಹಳೆಯ ಕಾಗದದ ಜೊತೆ ಹೊಸದನ್ನೂ ಅದೇ ಪ್ಲಾಸ್ಟಿಕ್ಕಿನಲ್ಲಿಟ್ಟುಕೊಂಡು ಊರಿಗೆ ಹೋದರು.

ಜನವರಿಯಲ್ಲಿ ಅವರ ಇಮೇಲ್ ಬಂತು. ಮನೆಯಾಬಾದಲ್ಲಿ ಗುಮಾಸ್ತರು ಕಾಗದವನ್ನು ಓದಿದರಂತೆ. ಹಿರಿಯರು ಇನ್ನೊಮ್ಮೆ ಓದಿಸಿದರಂತೆ. ಆಮೇಲೆ ಇಯೋತೆಬಾಗೆ ಮಾತಾಡಲು ಹೇಳಿದರು. ಅವರು ತಮ್ಮ ವಿಷಯ ಎತ್ತದೆ, ಡ್ರಮ್ಮುಗಳನ್ನು ಹೇಗೆ ಮಲಗಿಸಬೇಕು ಎಂದಷ್ಟೇ ವಿವರಿಸಿ ಕೂತರು. ಆಗ ಮಾವ ತಮ್ಮ ಮನೆತನದ ಜಾಗದಿಂದ ಎದ್ದು, ಮಂಟಪದ ನಡುವೆ ಎಲ್ಲರೂ ನೋಡುತ್ತಿರುವಂತೆ ನಡೆದು ಬಂದು, ಸೋದರಳಿಯನ ಪಕ್ಕ ಕೂತರು. ಸಭೆ ಮುಗಿಯುವವರೆಗೂ ಅಲ್ಲೇ ಕೂತಿದ್ದರು. ಹಾಗೆ ಜಾಗ ಬಿಟ್ಟು ಕೂರುವ ಪದ್ಧತಿ ನಮ್ಮಲ್ಲಿ ಇಲ್ಲ, ಆದರೆ ಯಾರೂ ಆಕ್ಷೇಪಿಸಲಿಲ್ಲ ಎಂದು ಬರೆದಿದ್ದರು. ಕೊನೆಯಲ್ಲಿ, ಸಾಧ್ಯವಾದರೆ ಒಂದು ಡಜನ್ ರಬ್ಬರ್ ವಾಷರ್ ಕಳಿಸಿ ಎಂಬ ಕೋರಿಕೆ. ಮೊರಿತಾ ಸಾನ್ ನಾನೂರು ಕಳಿಸಿದರು.

ಈಗ ಆ ವಿಭಾಗವನ್ನು ನಾನು ನೋಡಿಕೊಳ್ಳುತ್ತೇನೆ. ಕಣ್ಣೆದುರಿನ ತುಕ್ಕು ಸುಳ್ಳು ಹೇಳುವುದಿಲ್ಲ ಎಂದು ನನಗೆ ಕಾಲೇಜಿನಲ್ಲಿ ಕಲಿಸಿದ್ದರು. ನಿಜ. ಆದರೆ ತುಕ್ಕು ಹಿಡಿದ ವಸ್ತು ಎಲ್ಲಿತ್ತು, ಅದರ ಪಕ್ಕದಲ್ಲಿ ಯಾರಿದ್ದರು ಎಂಬುದನ್ನು ಅದು ಹೇಳುವುದಿಲ್ಲ. ಅದನ್ನು ನಾವೇ ಕೇಳಿ ತಿಳಿಯಬೇಕು. ಹೊಸದಾಗಿ ಸೇರಿದ ಎಂಜಿನಿಯರುಗಳು ‘ಬಳಕೆದಾರರ ಅಜಾಗರೂಕತೆ’ ಎಂಬ ವರದಿಯನ್ನು ನನ್ನ ಮುದ್ರೆಗೆ ತಂದರೆ, ನಾನು ಡಬ್ಬಿ ತೆರೆಯುವ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: ಆ ಊರಿನಲ್ಲಿ ಮಳೆ ಯಾವ ಹೊತ್ತಿಗೆ ಬರುತ್ತದೆ? ಗೊತ್ತಿಲ್ಲ ಎಂದರೆ, ಹೋಗಿ ಫೋನ್ ಮಾಡಿ ಕೇಳಿಕೊಂಡು ಬನ್ನಿ ಎನ್ನುತ್ತೇನೆ.